ಕೊಳದಿಂದ ಮೇಲೆ ಬಾರದ ಹುಡುಗಿ

ಕೊರೊನಾ ಕಾಲದಲ್ಲಿ ಬೀಗ ಬಿದ್ದಿದ್ದ ಥಿಯೇಟರುಗಳು ಮತ್ತೆ ಬಾಗಿಲು ತೆರೆದು ಒಂದು ವರ್ಷವಾಗಿತ್ತು. ನಾನಾಗ ಚಿಕ್ಕಬಳ್ಳಾಪುರದಿಂದ ಹೊರಡುವ ಸಣ್ಣ ದಿನಪತ್ರಿಕೆಯೊಂದರಲ್ಲಿ ಹಿರಿಯ ಉಪಸಂಪಾದಕಿ. ವಾರವಿಡೀ ತಾಲ್ಲೂಕು ವರದಿಗಾರರು ಕಳಿಸುವ ಸುದ್ದಿ ತಿದ್ದುವುದು, ಭಾನುವಾರದ ಪುರವಣಿಗೆ ಒಂದು ಸಿನಿಮಾ ವಿಮರ್ಶೆ ಬರೆಯುವುದು ನನ್ನ ಕೆಲಸ. ವಿಮರ್ಶೆಯ ಕೊನೆಯಲ್ಲಿ ದಪ್ಪಕ್ಷರದ ಒಂದು ಸಾಲು ಇರುತ್ತಿತ್ತು: ‘ಮನೆಮಂದಿ ಕೂತು ನೋಡಬಹುದು’ ಅಥವಾ ‘ಮನೆಮಂದಿಗೆ ಬೇಡ’. ಮೇಲೆ ನಾನು ಬೆವರು ಸುರಿಸಿ ಬರೆದದ್ದನ್ನು ಎಷ್ಟು ಜನ ಓದುತ್ತಿದ್ದರೋ ತಿಳಿಯದು. ಆ ಒಂದು ಸಾಲನ್ನು ಮಾತ್ರ ಎಲ್ಲರೂ ಓದುತ್ತಿದ್ದರು. ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಿ ಗುರುತೇ ಇಲ್ಲದ ಹೆಂಗಸರು ತಡೆದು, “ಮೇಡಂ, ಈ ವಾರದ್ದು ಮಕ್ಳನ್ನ ಕರ್ಕೊಂಡು ಹೋಗಬೋದಾ?” ಎಂದು ಕೇಳುತ್ತಿದ್ದರು.

ಸೆನ್ಸಾರ್‌ನವರು ಕೊಡುವ ‘ಯು’ ಸರ್ಟಿಫಿಕೇಟ್ ಎಂದರೆ ವಯಸ್ಸಿನ ನಿರ್ಬಂಧವಿಲ್ಲದೆ ಯಾರು ಬೇಕಾದರೂ ನೋಡಬಹುದು ಎಂಬ ಪರವಾನಗಿ. ನೋಡಿದರೆ ಒಳ್ಳೆಯದು ಎಂಬ ಶಿಫಾರಸು ಅದಲ್ಲ. ಬಾಟಲಿಯ ಮೇಲೆ ವಿಷವೆಂದು ಬರೆದಿಲ್ಲ ಎಂದ ಮಾತ್ರಕ್ಕೆ ಒಳಗಿರುವುದು ಹಾಲಾಗುವುದಿಲ್ಲ. ಈ ಮಾತು ಆ ವರ್ಷ ‘ಯು’ ಪಡೆದು ಬಂದ ಒಂದು ಸಿನಿಮಾ ನೋಡಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು.

ಆ ಸಿನಿಮಾದ ಹೆಸರು ಹೇಳುವುದಿಲ್ಲ. ಕುತೂಹಲಕ್ಕೆಂದು ಯಾರಾದರೂ ಮೊಬೈಲಿನಲ್ಲಿ ಹುಡುಕಿ ನೋಡಿದರೆ ಅದಕ್ಕೆ ಇನ್ನೊಂದು ವ್ಯೂ ಸಿಕ್ಕುತ್ತದೆ. ಅಷ್ಟು ಉಪಕಾರವೂ ನನ್ನಿಂದ ಆಗಬಾರದು. ಹಣ ಹಾಕಿದವರು ಚಿಕ್ಕಬಳ್ಳಾಪುರದ ಒಬ್ಬ ಲೇಔಟ್ ವ್ಯಾಪಾರಿ. ನಿರ್ದೇಶಕ ಬೆಂಗಳೂರಿನ ಕಾರ್ತಿಕ್ ಎಂಬ ಯುವಕ. ಅಂಬಾಜಿದುರ್ಗದ ಬಂಡೆಗಳ ನಡುವೆ, ಸುತ್ತಲ ಹಳ್ಳಿಗಳ ಕೆರೆಕುಂಟೆಗಳಲ್ಲಿ ಚಿತ್ರೀಕರಣ ನಡೆದಿತ್ತು. ‘ನಮ್ಮ ಜಿಲ್ಲೆಯ ಸಿನಿಮಾ’ ಎಂದು ಊರೆಲ್ಲ ಸಂಭ್ರಮದಲ್ಲಿತ್ತು. ಬಿಡುಗಡೆಗೆ ಮೂರು ದಿನ ಮೊದಲು, ಮಂಗಳವಾರ, ಚಿಕ್ಕಬಳ್ಳಾಪುರದಲ್ಲಿ ಪ್ರಿವ್ಯೂ ಇಟ್ಟು ಪತ್ರಕರ್ತರನ್ನೂ ನಿರ್ಮಾಪಕರ ನೆಂಟರಿಷ್ಟರನ್ನೂ ಕರೆದಿದ್ದರು.

ಕಥೆ ರಾಜಕುಮಾರಿಯದು. ಕಾಡಿನ ಅಂಚಿನಲ್ಲಿ ಮೇಕೆ ಕಾಯುವವರ ನಡುವೆ ಬೆಳೆಯುವ ಒಬ್ಬ ಕಪ್ಪು ಹುಡುಗಿ ರಾಜಕುಮಾರಿಯಾಗುವ ಆಸೆಯಿಂದ ಅರಮನೆಯ ಬಾಗಿಲಿಗೆ ಹೋಗುತ್ತಾಳೆ. ಕಾವಲುಗಾರರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಹಿನ್ನೆಲೆಯಲ್ಲಿ ಕಾಗೆಯ ಕೂಗು. ಹುಡುಗಿ ನಕ್ಕರೆ ಉಬ್ಬು ಹಲ್ಲು, ನಡೆದರೆ ತಮಟೆಯ ಸದ್ದು. ಅವಳು ತೆರೆಗೆ ಬಂದಾಗಲೆಲ್ಲ ಒಂದೊಂದು ಹಾಸ್ಯ. ಕೊನೆಗೆ ಒಬ್ಬಳು ಯೋಗಿನಿ ಬೆಳದಿಂಗಳ ಕೊಳ ತೋರಿಸುತ್ತಾಳೆ. ಹುಡುಗಿ ಮುಳುಗುತ್ತಾಳೆ, ವರ್ಷಗಳು ಉರುಳುತ್ತವೆ, ನೀರು ಹಾಲಿನಂತಾಗಿ ಅದರೊಳಗಿಂದ ಬೆಳ್ಳಗಿನ ಬೇರೊಬ್ಬ ನಟಿ ಕಿರೀಟ ತೊಟ್ಟು ಎದ್ದುಬರುತ್ತಾಳೆ. ಅಷ್ಟಕ್ಕೇ ಬಿಟ್ಟಿದ್ದರೆ ಹಳೆಯ ಹುಚ್ಚು ಎಂದು ಸುಮ್ಮನಾಗಬಹುದಿತ್ತು. ಆ ಕಪ್ಪು ಹುಡುಗಿಯ ಮುಖ ಮತ್ತೊಮ್ಮೆ ನೀರಿನಿಂದ ಮೇಲೆದ್ದು, “ನಾನೂ ಬರ್ತೀನಿ” ಎಂದು ಕೈ ಚಾಚುತ್ತದೆ. ಬೆಳ್ಳನೆಯ ರಾಜಕುಮಾರಿ ನಗುತ್ತ, ಅಂಗಾಲಿನಿಂದ ಅವಳ ತಲೆಯನ್ನು ಒತ್ತಿ ಮುಳುಗಿಸುತ್ತಾಳೆ. ಗುಳುಗುಳು ಗುಳ್ಳೆ. ಪರದೆಯ ಮೇಲೆ ‘ವಿರಾಮ’.

ಉದ್ಯಮದವರು ಇದನ್ನು ಇಂಟರ್ವಲ್ ಬ್ಯಾಂಗ್ ಎನ್ನುತ್ತಾರೆ. ಜನ ಪಾಪ್‌ಕಾರ್ನ್ ಕೊಳ್ಳಲು ಹೋಗುವಾಗ ಬಾಯಲ್ಲಿ ಅದೇ ಮಾತಿರಬೇಕು, ಅಂಥ ಪೆಟ್ಟು. ಜನ ಶಿಳ್ಳೆ ಹೊಡೆದರು. ನಿರ್ಮಾಪಕರ ಮನೆಯ ಮಕ್ಕಳು ಕುರ್ಚಿಯ ಮೇಲೆ ನಿಂತು ಕುಣಿದರು. ನಾನು ಎದುರಿನ ಪಾಪ್‌ಕಾರ್ನ್ ಡಬ್ಬಿಯ ಬೆಣ್ಣೆಯ ನಾತವನ್ನೂ ತಡೆಯಲಾರದೆ ಎದ್ದು ಹೋಗಿ ಮುಖ ತೊಳೆದು ಬಂದೆ. ದ್ವಿತೀಯಾರ್ಧದಲ್ಲಿ ರಾಜಕುಮಾರ ಅವಳ ಬಣ್ಣಕ್ಕೆ ಮರುಳಾಗುವುದು, ಗುಟ್ಟು ಬಯಲಾದಾಗ ಅವಳು ಅವನ ಕಾಲು ಹಿಡಿದು “ನನ್ನ ಹಳೇ ಮುಖ ಮುಚ್ಚಿಟ್ಟಿದ್ದಕ್ಕೆ ಕ್ಷಮಿಸಿ” ಎನ್ನುವುದು, ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸುವುದು. ಇದನ್ನು ಪ್ರೇಮಕಥೆ ಎಂದು ಕರೆದಿದ್ದರು.

ಹೊರಗೆ ಕಾರ್ತಿಕ್ ಕೈಕುಲುಕಲು ಬಂದ.

“ಹೆಂಗಿತ್ತು ಮೇಡಂ? ಒಂದು ಕಿಸ್ ಇಲ್ಲ, ಕುಡಿತ ಇಲ್ಲ, ರಕ್ತ ಇಲ್ಲ. ಕ್ಲೀನ್ ಫ್ಯಾಮಿಲಿ ಎಂಟರ್‌ಟೈನರ್.”

“ಮಗುವಿನ ತಲೆ ಮೇಲೆ ಕಾಲಿಟ್ಟು ಮುಳುಗಿಸಿದ್ದು?”

“ಅದು ಸಿಂಬಾಲಿಕ್ ಮೇಡಂ. ಅವಳೊಳಗಿನ ಕೀಳರಿಮೇನ ಅವಳೇ ತುಳೀತಾಳೆ. ಪಾಸಿಟಿವ್ ಮೆಸೇಜ್!”

ಅವನು ಇದನ್ನು ನಂಬಿಯೇ ಹೇಳುತ್ತಿದ್ದ ಎಂಬುದು ಇನ್ನೂ ಅಸಹ್ಯವಾಗಿತ್ತು.

ಮರುದಿನ ಬೆಳಿಗ್ಗೆ ಚಿಂತಾಮಣಿಯ ಒಂದು ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ಟರ್ ನಂಜುಂಡಪ್ಪನವರು ಫೋನ್ ಮಾಡಿದರು. “ಮೇಡಂ, ಮುಂದಿನ ಮಂಗಳವಾರ ಇಡೀ ಸ್ಕೂಲನ್ನ ಕರ್ಕೊಂಡು ಹೋಗ್ತಿದೀವಿ. ಅಂಥಾ ಸೀನ್ ಏನೂ ಇಲ್ಲ ತಾನೆ? ರಾಜಕುಮಾರಿ ಪಾರ್ಟು ಮಾಡಿರೋದು ನಮ್ಮ ಎಂಟನೇ ಕ್ಲಾಸಿನ ಮಗು. ಕೆಂಚಾರ್ಲಹಳ್ಳಿಯ ಮೈತ್ರಿ ಅಂತ. ಶೋ ಮುಗಿದ ಮೇಲೆ ಅಲ್ಲೇ ಸ್ಟೇಜ್ ಮೇಲೆ ಸನ್ಮಾನ.”

ರಾಜಕುಮಾರಿ ಪಾರ್ಟು. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಭಾನುವಾರದ ತನಕ ಕಾದು ವಿಮರ್ಶೆ ಬರೆದರೆ ನನ್ನ ಕೆಲಸವೇನೋ ಮುಗಿಯುತ್ತದೆ. ಆದರೆ ಆ ಮಗು ತನ್ನ ಇಡೀ ಶಾಲೆಯ ನಡುವೆ ಕೂತು, ತನ್ನದೇ ತಲೆಯನ್ನು ಕಾಲಿನಿಂದ ಒತ್ತುವಾಗ ಬೀಳುವ ಶಿಳ್ಳೆ ಕೇಳಬೇಕು. ಅಂದು ಸಂಜೆಯೇ ಸ್ಕೂಟರಿನಲ್ಲಿ ಕೆಂಚಾರ್ಲಹಳ್ಳಿಗೆ ಹೋದೆ.

ಹಿಪ್ಪುನೇರಳೆ ತೋಟ ದಾಟಿದ ಮೇಲಿನ ಹೊಸ ಬಡಾವಣೆಯಲ್ಲಿ ಅವರ ಮನೆ. ತಂದೆ ಮುನಿರಾಜು ವಿದ್ಯುತ್ ಲೈನ್‌ಮನ್. ತಾಯಿ ನಾಗರತ್ನ ನರ್ಸ್, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಮಗಳು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಹುಮಾನದ ಕಪ್‌ಗಳು. ಮುನಿರಾಜು ನಾನು ಸಂದರ್ಶನಕ್ಕೆ ಬಂದೆನೆಂದು ತಿಳಿದು ಕುರ್ಚಿ ಒರೆಸಿ ಹಾಕಿದರು. “ನಮ್ ಲೈನ್‌ನೋರ್ಗೆಲ್ಲ ಟ್ರೈಲರ್ ತೋರ್ಸಿದೀನಿ ಮೇಡಂ. ಕಿರೀಟದ ಶಾಟ್ ಟ್ರೈಲರ್‌ನಲ್ಲಿ ಹಾಕಿಲ್ಲ. ಸಸ್ಪೆನ್ಸ್ ಅಂತೆ!”

ನಾನು ಬಂದ ಕಾರಣ ಹೇಳಿದೆ. ಸಿನಿಮಾ ಮನೆಮಂದಿ ನೋಡುವಂಥದ್ದಲ್ಲ, ಮಗುವನ್ನು ಚೆನ್ನಾಗಿ ತೋರಿಸಿಲ್ಲ ಎಂದೆ. ನಾಗರತ್ನ ಲೋಟ ಕೆಳಗಿಟ್ಟರು.

“ತಾವು ಯಾವೂರಿನೋರು ಮೇಡಂ?”

“ನಗರಗೆರೆ ಕಡೆ.”

“ಜಮೀನಿರೋರು.”

“ಹೌದು.”

“ನಾನ್ ಬಿಚ್ಚಿ ಹೇಳ್ತೀನಿ, ಬೇಜಾರ್ ಮಾಡ್ಕಬೇಡಿ. ನಮ್ ಮಗು ಕ್ಲಾಸಿಗೆ ಫಸ್ಟ್ ಬಂದ್ರೆ ಪೇಪರ್ ಈಸಿ ಇತ್ತು ಅಂತಾರೆ. ಈಗ ಪರದೆ ಮೇಲೆ ಬಂದವ್ಳೆ, ಸಿನಿಮಾನೇ ಸರಿಯಿಲ್ಲ ಅಂತೀರ. ನಮ್ಮೋರು ಎಲ್ಲಾದ್ರೂ ಒಂದ್ ಮೆಟ್ಲು ಹತ್ತಿದ್ರೆ ಮೆಟ್ಲೇ ಸೊಟ್ಟ ಅನ್ನೋರ್ನ ಬೇಕಾದಷ್ಟು ನೋಡಿದೀನಿ.”

ಸಿಟ್ಟು ಮಾಡಿಕೊಳ್ಳಲು ನನಗೆ ಹಕ್ಕಿರಲಿಲ್ಲ. ಆ ಅನುಮಾನ ಅವರ ಬದುಕಿನಿಂದ ಬಂದದ್ದು. ಸುತ್ತಿ ಬಳಸದೆ ಕೊಳದ ದೃಶ್ಯವನ್ನು ಇದ್ದದ್ದು ಇದ್ದಂತೆ ವಿವರಿಸಿದೆ. ಹಲ್ಲು, ಕಾಗೆ, ತಲೆಯ ಮೇಲಿನ ಕಾಲು, ಶಿಳ್ಳೆ. ನಾಗರತ್ನ ಒಮ್ಮೆ ಗಂಡನ ಮುಖ ನೋಡಿದರು. ಒಳಗಿನ ಕೋಣೆಯ ಪರದೆ ಸರಿಸಿ ಹುಡುಗಿ ಬಂದು ನಿಂತಿದ್ದಳು. ಚುರುಕು ಕಣ್ಣು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ತೆರೆಯ ಮೇಲಿನ ಆ ಪ್ರಾಣಿಗೂ ಇವಳಿಗೂ ಏನೂ ಹೋಲಿಕೆ ಇರಲಿಲ್ಲ. ಮುಖಕ್ಕೆ ಕಾಡಿಗೆಯಂಥದ್ದು ಬಳಿದು ಪ್ಲಾಸ್ಟಿಕ್ ಹಲ್ಲು ತುರುಕಿದ್ದರು ಎಂದು ಆಗ ತಿಳಿಯಿತು. ಬಣ್ಣ ಯಾಕೆ ಎಂದು ಮೈತ್ರಿ ಕೇಳಿದರೆ ಲೈಟಿಂಗಿಗೆ ಅಂದರಂತೆ; ಡ್ಯೂಟಿಯಿದ್ದ ತಂದೆತಾಯಿಗೆ ಆ ದಿನ ಸೆಟ್‌ನಲ್ಲಿರಲು ಆಗಿರಲಿಲ್ಲ.

“ಇಲ್ಲ ಆಂಟಿ, ಇನ್ನೊಂದು ಶಾಟ್ ಇದೆ,” ಎಂದಳು. “ನೀವು ಸರಿಯಾಗಿ ನೋಡಿಲ್ಲ. ನಾನೇ ಮೇಲೆ ಬರ್ತೀನಿ. ಬಣ್ಣ ಎಲ್ಲ ತೊಳ್ದು, ಕಿರೀಟ ಹಾಕಿ ತೆಗೆದ್ರು. ಮೂರು ಸಲ ಟೇಕ್ ಆಯ್ತು. ಎಲ್ಲಾರೂ ಚಪ್ಪಾಳೆ ಹೊಡೆದ್ರು.”

ತೆಗೆದು ಕತ್ತರಿಸಿರಬಹುದು ಎಂದುಕೊಂಡು ನಾನು ಅಲ್ಲಿಂದಲೇ ಕಾರ್ತಿಕ್‌ಗೆ ಫೋನ್ ಮಾಡಿದೆ. ಇಂಥ ಮನೆಯಲ್ಲಿದ್ದೇನೆ, ಸ್ಪೀಕರ್ ಹಾಕುತ್ತೇನೆ ಎಂದೇ ಹೇಳಿದೆ. ಅವನಿಗೆ ಅದರಿಂದ ಏನೂ ಮುಜುಗರವಾಗಲಿಲ್ಲ.

“ಓ, ಆ ಕಿರೀಟದ್ದಾ? ಅದು ಡಮ್ಮಿ ಶಾಟ್ ಮೇಡಂ. ತಲೆ ಒತ್ತೋ ಸೀನ್ ಆದ್ಮೇಲೆ ಪಾಪು ಅಳೋಕೆ ಶುರು ಮಾಡ್ತು. ಮಿಕ್ಕಿದ್ದು ಶೂಟ್ ಆಗಬೇಕಲ್ಲ, ಸಮಾಧಾನಕ್ಕೆ ಕಿರೀಟ ಹಾಕ್ಸಿ ‘ಆಕ್ಷನ್’ ಅಂದ್ವಿ. ಕ್ಯಾಮೆರಾದಲ್ಲಿ ಕಾರ್ಡೇ ಇರ್ಲಿಲ್ಲ. ಇದೆಲ್ಲ ಸೆಟ್‌ನಲ್ಲಿ ಕಾಮನ್.”

ಕಾರ್ಡ್ ಎಂದರೆ ಚಿತ್ರ ಉಳಿಯುವ ಚಿಪ್. ಅದಿಲ್ಲದ ಕ್ಯಾಮೆರಾದ ಮುಂದೆ ಒಂದು ಮಗು ತಣ್ಣೀರಿನಲ್ಲಿ ಮೂರು ಸಲ ಮುಳುಗಿ ಮೂರು ಸಲ ನಗುತ್ತ ಎದ್ದುಬಂದಿತ್ತು. ಅಷ್ಟೂ ಜನ ಸುಳ್ಳು ಚಪ್ಪಾಳೆ ಹೊಡೆದಿದ್ದರು. ವೃತ್ತಿಯಲ್ಲಿ ನಾನು ಕಂಡ ನೀಚತನಗಳಲ್ಲಿ ಅಪಘಾತದ ಹೆಣದ ಮೈಮೇಲಿನ ಒಡವೆ ಕದ್ದವರೂ ಇದ್ದಾರೆ. ಈ ಚಪ್ಪಾಳೆಯಷ್ಟು ಹೇಸಿಗೆ ನನಗೆ ಅದೂ ಹುಟ್ಟಿಸಿರಲಿಲ್ಲ.

ಫೋನ್ ಇಟ್ಟೆ. ಮುನಿರಾಜು ಬಾಗಿಲಿಗೆ ಹೋಗಿ ಆಚೆ ನೋಡುತ್ತ ನಿಂತರು. ಮೈತ್ರಿ ಅಳಲಿಲ್ಲ. “ನಾನು ನೋಡ್ಬೇಕು,” ಎಂದಳು.

“ಬೇಡ ಕಣಮ್ಮ,” ಎಂದರು ತಂದೆ.

“ಸ್ಕೂಲ್‌ನೋರೆಲ್ಲ ನೋಡ್ತಾರಲ್ಲಪ್ಪ. ಅವರಿಗಿಂತ ಮುಂಚೆ ನಾನು ನೋಡ್ಬೇಕು.”

ನಾಗರತ್ನ ಮಗಳನ್ನು ಹತ್ತಿರ ಕರೆದುಕೊಂಡು, “ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಹೋಗಣ. ಮೇಡಂ, ನೀವೂ ಬನ್ನಿ. ನೀವು ಹೇಳಿದ್ದು ನಿಜವೋ ಸುಳ್ಳೋ ಗೊತ್ತಾಗ್ಲಿ,” ಎಂದರು.

ಶುಕ್ರವಾರ ಚಿಂತಾಮಣಿಯ ಥಿಯೇಟರ್ ತುಂಬಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಒಂದು ಕುಟುಂಬ. ಅಜ್ಜಿ, ತಾಯಿ, ಪೌಡರ್ ಬಳಿಸಿಕೊಂಡ ನಾಲ್ಕೈದು ವರ್ಷದ ಹೆಣ್ಣುಮಗು. ಮೈತ್ರಿ ತೆರೆಗೆ ಬಂದಕೂಡಲೇ ಅಜ್ಜಿ ತೆಲುಗಿನಲ್ಲಿ “ಅಯ್ಯೋ, ದೆಯ್ಯಂ ಲಾಗ ಉಂದಿ!” ಎಂದರು. ದೆವ್ವದ ಹಾಗಿದೆ ಎಂದು. ತಾಯಿ ಮಗುವಿನ ಗಲ್ಲ ಹಿಡಿದು, “ನೀನೂ ಬಿಸ್ಲಲ್ಲಿ ಆಡು, ಹಂಗೇ ಆಗ್ತೀಯ,” ಎಂದಳು. ಸುತ್ತ ನಗು. ಅವರು ಕೆಟ್ಟವರಲ್ಲ. ಅದೇ ತಾಯಿ ಪಕ್ಕದ ಸೀಟಿನ ಅಪರಿಚಿತ ಮಗುವಿಗೂ ಚಕ್ಕುಲಿ ಕೊಟ್ಟಿದ್ದಳು. ಹೀಗೆ ಒಳ್ಳೆಯವರನ್ನೇ ಹಿಡಿದು ಇಷ್ಟು ಕೆಟ್ಟದಾಗಿ ನಗಿಸುವ ಸಿನಿಮಾ ಮಾಡುವುದಕ್ಕೂ ಒಂದು ಕೊಳೆತ ಪ್ರತಿಭೆ ಬೇಕು.

ಕೊಳದ ದೃಶ್ಯ ಬಂತು. ನಾನು ತೆರೆ ನೋಡಲಿಲ್ಲ, ಪಕ್ಕದಲ್ಲಿದ್ದ ಮೈತ್ರಿಯನ್ನು ನೋಡಿದೆ. ತೆರೆಯ ಮೇಲಿನ ಕಾಲು ಒತ್ತಿದಾಗ ಅವಳ ಕತ್ತು ತನ್ನಷ್ಟಕ್ಕೇ ಕುಗ್ಗಿತು. ಶಿಳ್ಳೆ ಬಿತ್ತು. ದೀಪ ಹತ್ತಿತು.

ಬೆಳಕಾದ ಕೂಡಲೇ ಮುಂದಿನ ಸಾಲಿನ ತಾಯಿ ಹಿಂತಿರುಗಿದವಳು ಗುರುತು ಹಿಡಿದಳು. “ಏ, ಇದೇ ಕಣೇ ಆ ಹುಡ್ಗಿ! ಬಾಮ್ಮ, ಬಾಮ್ಮ, ಒಂದು ಸೆಲ್ಫಿ!” ನಾಲ್ಕಾರು ಜನ ಮೊಬೈಲ್ ಹಿಡಿದು ಬಂದರು. ತಾಯಿ ತನ್ನ ಪೌಡರ್ ಮಗುವನ್ನು ಎತ್ತಿ ಮೈತ್ರಿಯ ಕೆನ್ನೆಯ ಪಕ್ಕ ಹಿಡಿದು, “ನೋಡ್ರೀ, ಹಾಲು ಮತ್ತೆ ಡಿಕಾಕ್ಷನ್ನು!” ಎಂದಳು. ಮತ್ತೆ ನಗು. ಈಗಲೂ ಅವಳ ದನಿಯಲ್ಲಿ ಪ್ರೀತಿಯೇ ಇತ್ತು.

ಮೈತ್ರಿ ನಗಲು ಪ್ರಯತ್ನಿಸಿ ಹೇಳಿದಳು: “ಅದು ಬಣ್ಣ ಆಂಟಿ. ನಿಜವಾಗ್ಲೂ ನಾನು ಅಷ್ಟು ಕಪ್ಪಿಲ್ಲ.”

ನಾಗರತ್ನ ಆ ಮಾತಿಗೆ ಎದ್ದು ನಿಂತರು. ಅವರ ಬಣ್ಣ ಮಗಳಿಗಿಂತ ಎಷ್ಟೋ ಪಾಲು ಕಪ್ಪು. ಜನ ನಕ್ಕಾಗ ಅವರು ತಡೆದುಕೊಂಡಿದ್ದರು. ಮಗಳ ಬಾಯಿಂದ ಬಂದ ಆ ಸಮಜಾಯಿಷಿಯನ್ನು ತಡೆದುಕೊಳ್ಳಲು ಆಗಲಿಲ್ಲ. ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಸೈಕಲ್ ಸ್ಟ್ಯಾಂಡಿನ ನೆರಳಿನಲ್ಲಿ ನಿಂತು, ಬೈಯದೆ, ಮೆಲ್ಲಗೆ ಕೇಳಿದರು.

“ಅಷ್ಟು ಕಪ್ಪಿದ್ದಿದ್ರೆ ಏನಾಗ್ತಿತ್ತು ಮೈತ್ರಿ?”

ಹುಡುಗಿ ತಾಯಿಯ ಮುಖ ನೋಡಿದಳು. ತಾನೇನು ಹೇಳಿದೆ ಎಂಬುದು ಅವಳಿಗೆ ಆಗ ಹೊಳೆದಿರಬೇಕು. ತಾಯಿಯ ಸೆರಗಿಗೆ ಮುಖವಿಟ್ಟು ಅತ್ತಳು. ಎರಡು ದಿನದಿಂದ ತಡೆದಿದ್ದ ಅಳುವೆಲ್ಲ ಬಂತು. ನಾನು ದೂರ ಸರಿದು ನಿಂತೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.

ಮುನಿರಾಜು ಮಾತ್ರ ಒಳಗೇ ಉಳಿದಿದ್ದರು. ಹೆಸರು ಬರುವವರೆಗೂ ಕೂರುತ್ತೇನೆ ಎಂದಿದ್ದರು. ಸಿನಿಮಾ ಮುಗಿದು ಎಲ್ಲರಿಗಿಂತ ಕೊನೆಗೆ ಬಂದರು.

“ಹೆಸ್ರು ಹಾಕವ್ರಾ?” ಎಂದರು ನಾಗರತ್ನ.

“ಹಾಕವ್ರೆ. ಒಂದ್ಕಡೆ ‘ಕಪ್ಪು ಹುಡುಗಿ’ ಅಂತ. ಅದ್ರ ಮುಂದೆ ಮೈತ್ರಿ ಅಂತ.” ಅಷ್ಟು ಹೇಳಿ ಬೈಕಿನ ಕೀಲಿ ಹುಡುಕತೊಡಗಿದರು. ಕೀಲಿ ಕೈಯಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ನಾಗರತ್ನ ರಜೆ ಹಾಕಿ ಶಾಲೆಗೆ ಹೋದರು. ನಾನೂ ಜೊತೆಗಿದ್ದೆ. ನಂಜುಂಡಪ್ಪನವರು ಬಸ್ಸು ಗೊತ್ತಾಗಿದೆ, ಮಕ್ಕಳು ಆಸೆ ಇಟ್ಟುಕೊಂಡಿದ್ದಾರೆ, ಶಾಲು ಹಾರ ತಂದಾಗಿದೆ ಎಂದರು. “ಸಿನಿಮಾನ ಸಿನಿಮಾ ಥರ ನೋಡ್ಬೇಕಮ್ಮ.”

“ಶಾಲು ಹೊದ್ಸಿ, ಮೈಕ್ ಹಿಡ್ಕೊಂಡು ಏನಂತ ಹೇಳ್ತೀರ ಸಾರ್?” ಎಂದು ಕೇಳಿದರು ನಾಗರತ್ನ. “ನಮ್ ಸ್ಕೂಲಿನ ಮೈತ್ರಿ ಯಾವ ಪಾರ್ಟ್ ಮಾಡಿದ್ಲು ಅಂತ ಹೇಳ್ತೀರ? ಒಂದ್ಸಲ ಇಲ್ಲೇ ಹೇಳಿ, ಕೇಳ್ತೀನಿ.”

ಹೆಡ್‌ಮಾಸ್ಟರು ಬಾಯಿ ತೆರೆದರು. ಪೇಪರ್‌ವೇಟ್ ತಿರುಗಿಸಿದರು. ನನ್ನ ಕಡೆ ನೋಡಿದರು. ಅವರು ಮೂರ್ಖರಲ್ಲ. ಕೊನೆಗೆ ಜವಾನನನ್ನು ಕರೆದು ಬಸ್ಸಿನವರಿಗೆ ಬೇಡವೆಂದು ಹೇಳಲು ಕಳಿಸಿದರು.

ಅಂದು ಮಧ್ಯಾಹ್ನ ಕಚೇರಿಗೆ ಬಂದು ವಿಮರ್ಶೆ ಬರೆದೆ. ಹುಡುಗಿಯ ಹೆಸರು, ಊರು ಹಾಕಲಿಲ್ಲ. ಕಾರ್ಡಿಲ್ಲದ ಕ್ಯಾಮೆರಾದ ವಿಷಯವನ್ನು ಮಾತ್ರ ಬಿಡಲಿಲ್ಲ. ನಿರ್ದೇಶಕರು ಮೂವರ ಮುಂದೆ ತಮ್ಮ ಬಾಯಾರೆ ಹೇಳಿದ ಮಾತು ಅದು. ನಮ್ಮ ಸಂಪಾದಕರು ಓದಿ, “ಸ್ವಲ್ಪ ಖಾರ ಜಾಸ್ತಿ ಆಯ್ತಲ್ಲಮ್ಮ?” ಎಂದರು. ಖಾರವಲ್ಲ, ವಾಕರಿಕೆ ಎಂದೆ. ಅವರು ಒಂದು ವಿಶೇಷಣ ತೆಗೆದು ಮಿಕ್ಕಿದ್ದನ್ನು ಹಾಗೇ ಬಿಟ್ಟರು. ಕೊನೆಯ ಸಾಲು ಎಂದಿನಂತೆ ದಪ್ಪಕ್ಷರದಲ್ಲಿ ಬಂತು: ‘ಮನೆಮಂದಿಗೆ ಬೇಡ’.

ಭಾನುವಾರ ಫೋನಿನ ಮೇಲೆ ಫೋನು. ಶಿಡ್ಲಘಟ್ಟದ ಒಬ್ಬ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಸುವವರು, ನನ್ನ ಹಳೆಯ ಓದುಗರು. ಅವರ ದನಿಯಲ್ಲಿ ನಿಜವಾದ ಗೊಂದಲವಿತ್ತು. “ಏನ್ ಮೇಡಂ ಹಿಂಗ್ ಬರ್ದಿದೀರ? ಮೂರು ಹೆಣ್ಮಕ್ಳು ಜೊತೆ ಕೂತು ನೋಡ್ದೆ. ಒಂದ್ ಕಡೇನೂ ತಲೆ ತಗ್ಗಿಸೋ ಹಂಗಾಗ್ಲಿಲ್ಲ.”

“ನಿಮ್ಮ ಮೂವರು ಹೆಣ್ಣುಮಕ್ಕಳಲ್ಲಿ ಯಾರು ಸ್ವಲ್ಪ ಕಪ್ಪು?” ಎಂದು ಕೇಳಿದೆ.

“ನಡುವಿನೋಳು,” ಎಂದರು.

“ಅವಳು ಏನಂದಳು?”

“ಅವ್ಳು ಏನೂ ಅನ್ಲಿಲ್ಲ. ಬಂದಾಗಿಂದ್ಲೂ...” ಮಾತು ಮುಗಿಸದೆ ಫೋನ್ ಇಟ್ಟರು.

ನನ್ನ ವಿಮರ್ಶೆಯಿಂದ ಸಿನಿಮಾ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗೌರಿಬಿದನೂರಿನಿಂದಲೂ ಶಿಡ್ಲಘಟ್ಟದಿಂದಲೂ ಶಾಲೆಗಳು ಬಸ್ಸು ಮಾಡಿಕೊಂಡು ಹೋದವು. ಸಿನಿಮಾ ಚೆನ್ನಾಗಿಯೇ ಓಡಿತು. ಎರಡನೇ ವಾರದ ಪೋಸ್ಟರಿನಲ್ಲಿ ‘ಮನೆಮಂದಿಯೆಲ್ಲ ಮೆಚ್ಚಿದ ಚಿತ್ರ’ ಎಂದು ಹಾಕಿದರು. ಕಾರ್ತಿಕ್ ಈಗ ಇನ್ನೊಂದು ಮಾಡುತ್ತಿದ್ದಾನಂತೆ. ಚಿಂತಾಮಣಿಯ ಆ ಶಾಲೆಯ ಮಕ್ಕಳು ಒಟ್ಟಾಗಿ ಹೋಗಲಿಲ್ಲವೇ ಹೊರತು ಬಿಡಿಬಿಡಿಯಾಗಿ ನೋಡಿದರು. ಮೈತ್ರಿಗೆ ‘ಕೊಳ’ ಎಂಬ ಅಡ್ಡಹೆಸರು ಅಂಟಿತು. ಕೆಲವು ದಿನ ಅವಳು ಶಾಲೆಗೆ ಹೋಗಲಿಲ್ಲ. ನಾಗರತ್ನ ಒತ್ತಾಯ ಮಾಡಲಿಲ್ಲ. ಡ್ಯೂಟಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಪಾಠ ಓದಿಸಿದರು. ಒಂದು ದಿನ ಅವಳು ತಾನಾಗಿಯೇ ಮತ್ತೆ ಶಾಲೆಗೆ ಹೊರಟಳು.

ಈಗ ಅವಳು ಚಿಂತಾಮಣಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಳೆದ ವರ್ಷ ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋದಾಗ ಸಿಕ್ಕಿದಳು. ಆ ಸಿನಿಮಾ ನೆನಪಾದರೆ ಈಗಲೂ ಬೇಸರವಾಗುತ್ತದೆಯೇ ಎಂದು ಕೇಳಿದೆ.

“ಬೇಸರ ಇಲ್ಲ ಆಂಟಿ. ಅಸಹ್ಯ ಆಗುತ್ತೆ,” ಎಂದಳು. “ಅವರು ನಕ್ಕಿದ್ದಕ್ಕಲ್ಲ. ಅಮ್ಮ ಪಕ್ಕದಲ್ಲೇ ಇದ್ರು, ನಾನು ಹಂಗಂದ್ಬಿಟ್ಟೆ. ನನ್ನ ಬಾಯಲ್ಲಿ ಆ ಮಾತು ಬರೋ ಹಂಗೆ ಮಾಡಿದ್ರಲ್ಲ, ಅದಕ್ಕೆ.”

ಇಷ್ಟು ವರ್ಷ ಸಿನಿಮಾ ತೂಗಿ ನೋಡಿದ ಮೇಲೆ ನನಗೆ ದಕ್ಕಿದ ತಿಳಿವಳಿಕೆ ಅವಳ ಆ ಮಾತಿನಲ್ಲಿದೆ. ತೆರೆಯ ಮೇಲೆ ಏನಿದೆ, ಏನಿಲ್ಲ ಎಂದು ಸರ್ಟಿಫಿಕೇಟ್ ಹೇಳುತ್ತದೆ. ನೋಡಿದ ಮಗು ಮನೆಗೆ ಬಂದು ಕನ್ನಡಿಯ ಮುಂದೆ ಏನು ಹೇಳಿಕೊಳ್ಳುತ್ತದೆ ಎಂಬುದನ್ನು ಯಾವ ಸರ್ಟಿಫಿಕೇಟೂ ಹೇಳುವುದಿಲ್ಲ. ಅದಕ್ಕೇ ಈಗ ನಾನು ಪ್ರಿವ್ಯೂಗಳಲ್ಲಿ ಪತ್ರಕರ್ತರ ಸಾಲಿನಲ್ಲಿ ಕೂರುವುದಿಲ್ಲ. ಮುಂದೆ, ಗೋಡೆಯ ಬದಿಯಲ್ಲಿ ಕೂತು ಆಗಾಗ ಹಿಂತಿರುಗಿ ಮಕ್ಕಳ ಮುಖ ನೋಡುತ್ತೇನೆ. ಎಲ್ಲರೂ ನಗುವಾಗ ಯಾವ ಮಗು ನಗುತ್ತಿಲ್ಲ ಎಂದು ಹುಡುಕುತ್ತೇನೆ. ಅದು ಕಂಡ ದಿನ ಕೊನೆಯ ಸಾಲು ಬರೆಯಲು ಯೋಚಿಸಬೇಕಾಗಿ ಬರುವುದಿಲ್ಲ.